ಸಿಯೋಲಿನ ಇಬ್ಬರು ಗೆಳೆಯರು ನಮ್ಮ ಗಡಿಗೆ ಬಂದ ದಾರಿ



ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಕೆಯ ಕಡೆ ನಮ್ಮ ಮನೆಗಳಲ್ಲಿ ಅಡುಗೆಮನೆಯ ಮಾತು ಒಂದಾದರೆ ಸಂತೆಯ ಮಾತು ಇನ್ನೊಂದು. ಇವೆರಡರ ಜೊತೆಗೆ ಈಗ ಮಕ್ಕಳ ಮೊಬೈಲಿನಲ್ಲಿ ಕೊರಿಯಾ ದೇಶದ ಮಾತೂ ಕೇಳಿಸುತ್ತಿದೆ. ಆ ದೇಶದ ಧಾರಾವಾಹಿಗಳಲ್ಲಿ ಒಂದು ಬಗೆಗೆ ‘ಬಾಯ್ಸ್ ಲವ್’ ಎಂದು ಹೆಸರು. ಇಬ್ಬರು ಹುಡುಗರ ನಡುವಿನ ಪ್ರೇಮವೇ ಅದರ ಕಥಾವಸ್ತು. ಹೌಹಾರಬೇಡಿ. ಕಾಲ ಕೆಟ್ಟಿತು ಎಂದು ಹೇಳುವ ಮೊದಲು, ಇದು ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಇಲ್ಲಿಗೆ ಬಂತು ಎಂಬುದನ್ನು ಸ್ವಲ್ಪ ನೋಡೋಣ.

ಇದರ ಬೇರು ಜಪಾನಿನಲ್ಲಿದೆ. 1970ರ ದಶಕದಲ್ಲಿ ಅಲ್ಲಿನ ಹುಡುಗಿಯರ ಚಿತ್ರಕಥಾ ಪತ್ರಿಕೆಗಳಲ್ಲಿ ಹಾಗಿಯೊ ಮೊಟೊ, ತಾಕೆಮಿಯಾ ಕೆಯ್ಕೊ ಮೊದಲಾದ ಲೇಖಕಿಯರು ಇಂಥ ಕಥೆಗಳನ್ನು ಬರೆದರು. ಬರೆದವರು ಹೆಂಗಸರು, ಓದಿದವರೂ ಬಹುಪಾಲು ಹೆಂಗಸರೇ. ಮುಂದೆ ಥಾಯ್ಲೆಂಡ್ ಇದನ್ನು ಟಿ.ವಿ.ಗೆ ತಂದಿತು. ಕೊರಿಯಾದಲ್ಲಿ 2020ರಲ್ಲಿ ‘ವೇರ್ ಯುವರ್ ಐಸ್ ಲಿಂಗರ್’ ಎಂಬ ಸಣ್ಣ ಧಾರಾವಾಹಿ ಬಂತು. 2022ರಲ್ಲಿ ಬಂದ ‘ಸಿಮ್ಯಾಂಟಿಕ್ ಎರರ್’ ದೊಡ್ಡ ಹೆಸರು ಮಾಡಿತು. ಎಂಟೇ ಕಂತು. ಕಾಲೇಜಿನ ಗುಂಪು ಕೆಲಸದಲ್ಲಿ ಕೈಜೋಡಿಸದವರ ಹೆಸರನ್ನು ಕಂಪ್ಯೂಟರ್ ವಿದ್ಯಾರ್ಥಿಯೊಬ್ಬ ತೆಗೆದುಹಾಕುತ್ತಾನೆ. ಅದರಿಂದ ಪದವಿ ತಪ್ಪಿಸಿಕೊಂಡ ಇನ್ನೊಬ್ಬ ಜಗಳಕ್ಕೆ ಬರುತ್ತಾನೆ. ಆ ಜಗಳವೇ ಮೆಲ್ಲಗೆ ಒಲವಾಗುತ್ತದೆ. ಕಥೆ ಇಷ್ಟೇ.

ಹಾಗಾದರೆ ಕೊರಿಯಾದಲ್ಲಿ ಇದೆಲ್ಲ ಸಲೀಸಾಗಿತ್ತೇ? ಇಲ್ಲ. 2000ದಲ್ಲಿ ಹಾಂಗ್ ಸಿಯೋಕ್-ಚಿಯೋನ್ ಎಂಬ ನಟ ತಾನು ಗಂಡಸರನ್ನು ಪ್ರೀತಿಸುವವನೆಂದು ಬಹಿರಂಗವಾಗಿ ಹೇಳಿದಾಗ ಟಿ.ವಿ. ಕೆಲಸಗಳನ್ನು ಕಳೆದುಕೊಂಡ. 2010ರಲ್ಲಿ ‘ಲೈಫ್ ಈಸ್ ಬ್ಯೂಟಿಫುಲ್’ ಎಂಬ ಕುಟುಂಬ ಧಾರಾವಾಹಿಯಲ್ಲಿ ಇಂಥ ಜೋಡಿಯೊಂದನ್ನು ತೋರಿಸಿದಾಗ ವಿರೋಧಿಸಿ ಪತ್ರಿಕೆಯಲ್ಲಿ ಜಾಹೀರಾತು ಬಂತು. ಆದರೆ 2005ರ ‘ದಿ ಕಿಂಗ್ ಅಂಡ್ ದಿ ಕ್ಲೌನ್’ ಚಿತ್ರವನ್ನು ಆ ದೇಶದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ನೋಡಿದ್ದರು. ಹಳೆಯ ಕಾಲದ ಅಲೆಮಾರಿ ಆಟಗಾರರ ಕಥೆ ಅದು. ಹೆಣ್ಣುವೇಷ ಕಟ್ಟುವ ಗಂಡಸೇ ಅದರ ನಾಯಕರಲ್ಲೊಬ್ಬ. ಬಯಲಾಟ, ತೆರುಕೂತ್ತುಗಳಲ್ಲಿ ಗಂಡಸರ ಸ್ತ್ರೀವೇಷವನ್ನು ರಾತ್ರಿಯಿಡೀ ನೋಡಿದ ನಮಗೆ ಇದು ತೀರ ಹೊಸದೇನಲ್ಲ. ವೇಷ ಬೇರೆ, ಬದುಕು ಬೇರೆ, ನಿಜ. ಆದರೂ ವೇಷ ಕಳಚಿದವನ ಬದುಕು ಹೇಗಿತ್ತೆಂದು ನಾವು ಎಂದಾದರೂ ಕೇಳಿದ್ದೇವೆಯೇ?

ಇನ್ನು ಗಡಿಯ ಮಾತು. ಕನ್ನಡ ಚಿತ್ರರಂಗವನ್ನು ಉಳಿಸಿಕೊಳ್ಳಲು 1960ರ ದಶಕದಲ್ಲಿ ಡಬ್ಬಿಂಗ್ ವಿರೋಧಿ ಚಳವಳಿ ನಡೆಯಿತು. ಅ.ನ.ಕೃ. ಅವರಂಥ ಹಿರಿಯರು ಅದಕ್ಕೆ ದನಿಗೂಡಿಸಿದರು. ಹತ್ತಾರು ವರ್ಷ ಹೊರಗಿನ ಕಥೆ ಕನ್ನಡದ ದನಿಯಲ್ಲಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆಯೇ ಬಾಗಿಲು ತೆರೆಯಿತು. ಅಷ್ಟರಲ್ಲಿ ತಮಿಳಿನ ಪುದುಯುಗಂ ವಾಹಿನಿ ಕೊರಿಯನ್ ಧಾರಾವಾಹಿಗಳನ್ನು ತಮಿಳಿನಲ್ಲಿ ತೋರಿಸಿಯಾಗಿತ್ತು. ಎರಡು ಭಾಷೆ ಬಲ್ಲ ನಮಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತದೆ. ಹುಡುಗರಿಬ್ಬರ ಪ್ರೇಮದ ಧಾರಾವಾಹಿಗಳಂತೂ ಆ ಬಾಗಿಲಿಗೂ ಕಾಯದೆ ನೇರವಾಗಿ ಅಂತರ್ಜಾಲದಲ್ಲೇ ಬಂದವು.

ಈ ಪ್ರೇಮ ಅಪರಾಧ ಎಂಬ ಮಾತು ನಮ್ಮ ಕಾನೂನಿಗೆ ಬಂದದ್ದಾದರೂ ಎಲ್ಲಿಂದ? 1860ರಲ್ಲಿ ಬ್ರಿಟಿಷರು ಮಾಡಿದ ದಂಡಸಂಹಿತೆಯ 377ನೇ ಕಲಮಿನಿಂದ. ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿತ್ತು. ಜಿಲ್ಲೆ ಒಡೆದು 1965ರಲ್ಲಿ ಧರ್ಮಪುರಿಯಾಯಿತು, 2004ರಲ್ಲಿ ಕೃಷ್ಣಗಿರಿಯಾಯಿತು. ಆ ಕಲಮು ಮಾತ್ರ ಕದಲಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿಮಾಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರು ಮನಸಾರೆ ಒಪ್ಪಿ ಕೂಡುವುದು ಅಪರಾಧವಲ್ಲವೆಂದು ತೀರ್ಪಿತ್ತಿತು. ಇದನ್ನು ರೋಗವೆನ್ನುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ.

ನಮಗೆ ಇನ್ನೂ ಹತ್ತಿರದ ತೀರ್ಪೊಂದಿದೆ. ಮನೆಯವರಿಗೆ ಹೆದರಿ ರಕ್ಷಣೆ ಕೇಳಿದ ಇಬ್ಬರು ಯುವತಿಯರ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಒಂದು ಅಪರೂಪದ ಕೆಲಸ ಮಾಡಿದರು. ವಿಷಯ ತಮಗೇ ಸರಿಯಾಗಿ ತಿಳಿಯದು ಎಂದು ಮನಶ್ಶಾಸ್ತ್ರಜ್ಞರ ಮುಂದೆ ಕುಳಿತು ಕಲಿತರು. ಆಮೇಲೆ 2021ರ ಜೂನ್ 7ರಂದು, ಇಂಥವರನ್ನು ‘ಸರಿಪಡಿಸುವ’ ಚಿಕಿತ್ಸೆ ಸಲ್ಲದು, ಪೊಲೀಸರು ಕಿರುಕುಳ ಕೊಡಬಾರದು ಎಂದು ಆದೇಶಿಸಿದರು. ನಮ್ಮ ಜಿಲ್ಲೆಯೂ ಆ ಹೈಕೋರ್ಟಿನ ವ್ಯಾಪ್ತಿಯಲ್ಲೇ ಇದೆ ಎಂಬುದನ್ನು ಮರೆಯಬಾರದು. ಮದುವೆಗೆ ಮಾತ್ರ ಕಾನೂನಿನ ಮನ್ನಣೆ ಇಲ್ಲಿಯೂ ಇಲ್ಲ, ಕೊರಿಯಾದಲ್ಲಿಯೂ ಇಲ್ಲ.

ಕೊರಿಯಾದ ಧಾರಾವಾಹಿಯಲ್ಲಿ ಹುಡುಗರು ಚೆಲುವರು, ಬಟ್ಟೆಬರೆ ಚೆಂದ, ಕೊನೆಗೆ ಬಹುಮಟ್ಟಿಗೆ ಸುಖ. ಅದು ಕನಸು. ನಮ್ಮ ನೆಲದ ಸತ್ಯ ತಿಳಿಯಬೇಕಾದರೆ 2013ರಲ್ಲಿ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಓದಿ. ಜೊತೆಗೆ ಬಾಳಿದ ಗೆಳೆಯ ಹೆಣ್ಣನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಅನುಭವಿಸುವ ಸಂಕಟವನ್ನು ಹಂಚಿಕೊಳ್ಳಲು ಒಬ್ಬರೂ ಇಲ್ಲ. ಸೋಜಿಗವೆಂದರೆ ಆ ಮದುವೆಯಾಗುವ ಹೆಣ್ಣಿನ ಬಗ್ಗೆಯೂ ನಾವು ಯೋಚಿಸುವುದಿಲ್ಲ. ಬಲವಂತದ ಮದುವೆಯಿಂದ ಕೆಡುವುದು ಒಂದು ಬಾಳಲ್ಲ, ಎರಡು.

ಲಿವಿಂಗ್ ಸ್ಮೈಲ್ ವಿದ್ಯಾ ಅವರ ವಿಷಯ ಬೇರೆ. ಗಂಡಾಗಿ ಹುಟ್ಟಿದರೂ ತಾನು ಹೆಣ್ಣೆಂದು ಅರಿತ ಬಾಳು ಅವರದು. ಅವರ ತಮಿಳು ಆತ್ಮಕಥೆ ಕನ್ನಡಕ್ಕೆ ಬಂದು ‘ನಾನು ಅವನಲ್ಲ... ಅವಳು’ ಚಿತ್ರವಾಯಿತು. ಅದರಲ್ಲಿ ನಟಿಸಿದ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ತಮಿಳಿನ ನೋವು ಕನ್ನಡಕ್ಕೆ ಅರ್ಥವಾಗುತ್ತದೆ ಎಂಬುದಕ್ಕೆ ಗಡಿಯವರಾದ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಬಂಧುಗಳೇ, ನಿಮ್ಮ ಮನೆಯ ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಂಥದೊಂದು ಧಾರಾವಾಹಿ ನೋಡುತ್ತಿದ್ದರೆ ಅದು ಬರೀ ಕುತೂಹಲವಿರಬಹುದು. ಮಗಳು ನೋಡುತ್ತಿದ್ದರೆ ಅವಳ ಹಲವು ಗೆಳತಿಯರೂ ನೋಡುತ್ತಿರಬಹುದು. ಆದರೆ ಹತ್ತರಲ್ಲಿ ಒಂದು ಮಗು ತನ್ನ ಮನಸ್ಸಿನ ಹೆಸರನ್ನೇ ಅಲ್ಲಿ ಹುಡುಕುತ್ತಿದ್ದರೆ? ಮೊಬೈಲು ಕಿತ್ತುಕೊಳ್ಳುವುದು ಸುಲಭ. ನ್ಯಾಯಮೂರ್ತಿಗಳೇ ಕಲಿಯಲು ಕುಳಿತರೆಂದ ಮೇಲೆ ನಾವು ಪಕ್ಕದಲ್ಲಿ ಕುಳಿತು, ‘ಏನಪ್ಪಾ ಕಥೆ ಇದು, ನನಗೂ ಸ್ವಲ್ಪ ಹೇಳು’ ಎಂದು ಕೇಳಿದರೆ ಗೌರವಕ್ಕೆ ಕುಂದೇನಿಲ್ಲ. ಯಾವ ಭಾಷೆಯಲ್ಲಿ ಕೇಳಿದರೂ ಆದೀತು.