ಥಂಡಿ ದಿನಗಳಲ್ಲಿ ಒಬ್ಬರೇ ವಾಕಿಂಗ್: ನಸುಕಿನಲ್ಲೇ ಹೊರಡಬೇಕೆ?

ಡಿಸೆಂಬರ್–ಜನವರಿ ಬಂತೆಂದರೆ ಯಾದಗಿರಿಯ ಕೋಟೆ ಬೆಟ್ಟದ ಬುಡ, ಶಹಾಪುರದ ಬುದ್ಧ ಮಲಗಿದ ಬೆಟ್ಟದ ಕಡೆಯ ರಸ್ತೆ, ಸುರಪುರದಲ್ಲಿ ಟೇಲರ್ ಮಂಜಿಲ್‌ನತ್ತ ಏರುವ ದಾರಿಗಳಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ನಸುಕಿನ ಐದಕ್ಕೇ ಹೊರಡುವವರಿರುತ್ತಾರೆ. ನಡುರಾತ್ರಿ ಕಳೆದರೆ ಚಳಿ ಇಳಿಯುತ್ತದೆ, ನಸುಕಿನ ಗಾಳಿಯೇ ದಿನದಲ್ಲಿ ಅತಿ ಶುದ್ಧ ಎಂಬುದು ಅವರ ನಂಬಿಕೆ. ಎರಡೂ ಬಹುಮಟ್ಟಿಗೆ ತಪ್ಪು.

ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಮೋಡವಿಲ್ಲದ, ಒಣಹವೆಯ ರಾತ್ರಿಯಲ್ಲಿ ಇದಕ್ಕೆ ತಡೆಯೇ ಇಲ್ಲ. ಹಾಗಾಗಿ ಅತಿ ಕಡಿಮೆ ಉಷ್ಣಾಂಶ ದಾಖಲಾಗುವುದು ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಾದ ಸ್ವಲ್ಪ ಹೊತ್ತಿಗೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ. ತಣ್ಣಗಾದ ಗಾಳಿ ಭಾರ. ಅದು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ, ಕೆರೆಯಂಗಳದಲ್ಲಿ ನಿಲ್ಲುತ್ತದೆ. ಎತ್ತರಕ್ಕೆ ಹೋದಷ್ಟೂ ಚಳಿ ಎಂಬ ಪಾಠ ಇಂಥ ಬೆಳಗಿನಲ್ಲಿ ತಲೆಕೆಳಗಾಗುತ್ತದೆ: ಬೆಟ್ಟದ ಬುಡಕ್ಕಿಂತ ಮೇಲಿನ ಮೆಟ್ಟಿಲುಗಳಲ್ಲೇ ತುಸು ಬೆಚ್ಚಗಿರಬಹುದು.

ಗಾಳಿಯ ಶುದ್ಧತೆಗೂ ಇದಕ್ಕೂ ನಂಟಿದೆ. ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂತಾಗ ಒಲೆಯ ಹೊಗೆ, ಕಸ ಸುಟ್ಟ ಹೊಗೆ, ವಾಹನಗಳ ದೂಳು ಮೇಲೇರದೆ ಮೂಗಿನ ಮಟ್ಟದಲ್ಲೇ ಉಳಿಯುತ್ತವೆ. ಊರಾಚೆ ಒಂದು ಬೂದುಬಣ್ಣದ ಪಟ್ಟಿ ಕಾಣುತ್ತದಲ್ಲ, ಅದೆಲ್ಲವೂ ಮಂಜಲ್ಲ. ನಸುಕಿನಲ್ಲಿ ಆಮ್ಲಜನಕ ಹೆಚ್ಚು ಎಂಬ ಮಾತೂ ಹುರುಳಿಲ್ಲದ್ದು. ಒಣ ಗಾಳಿಯಲ್ಲಿ ಅದರ ಪಾಲು ದಿನವಿಡೀ ಸುಮಾರು ಶೇ. 21. ಬಿಸಿಲು ನೆಲವನ್ನು ಕಾಯಿಸಿ ಗಾಳಿ ಮೇಲೆ ಕೆಳಗೆ ಬೆರೆತಾಗಲೇ ಹೊಗೆ ಚದುರುವುದು.

ನಿಜವಾದ ಅಪಾಯ ಹೃದಯಕ್ಕೆ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಎದ್ದ ಹೊತ್ತಿಗೆ ಅದು ಹೇಗೂ ಏರುವ ಸಮಯ. ಅದರ ಮೇಲೆ ಬೆಟ್ಟದ ಏರು. ಹೃದಯಾಘಾತಗಳು ಬೆಳಗಿನ ಹೊತ್ತು ಮತ್ತು ಚಳಿಗಾಲದಲ್ಲಿ ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಡುವ ನೋವು, ತಣ್ಣನೆ ಬೆವರು ಕಂಡರೆ 'ಗ್ಯಾಸ್ ಇರಬೇಕು' ಎಂದು ನಡೆಯುತ್ತ ಹೋಗಬೇಡಿ. ಅಲ್ಲೇ ಕೂತು 108ಕ್ಕೆ ಕರೆಮಾಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು ಬರಬಹುದು. ಜೊತೆಗಾರರಿದ್ದರೆ ಮುಖ ನೋಡಿಯೇ ಕೇಳುತ್ತಾರೆ. ಒಬ್ಬರೇ ಇದ್ದರೆ ನೀವೇ ಗುರುತಿಸಬೇಕು. ಬಿ.ಪಿ., ಹೃದ್ರೋಗ, ಅಸ್ತಮಾ ಇದ್ದವರು ಬಿಸಿಲು ಬಿದ್ದು ಒಂದು ಗಂಟೆಯ ಮೇಲೆ ಹೊರಟು, ಮೊದಲ ಹತ್ತು ನಿಮಿಷ ಸಮತಟ್ಟಿನಲ್ಲಿ ನಿಧಾನ ನಡೆಯುವುದು ಲೇಸು.

ಮಫ್ಲರ್ ವಿಷಯ: ಕಿವಿಯಿಂದ ಗಾಳಿ ತಲೆಗೆ ಹೋಗುವುದಿಲ್ಲ, ಕಿವಿತಮಟೆ ಅಡ್ಡ ಇದೆ. ಕಿವಿ ಬೆಚ್ಚಗಿರಲಿ ಎಂದು ಸುತ್ತಿಕೊಳ್ಳಿ, ಸಾಕು. ಮೂಗು-ಬಾಯಿಗೂ ಅದನ್ನೇ ಎಳೆದುಕೊಂಡರೆ ಒಳಗೆ ಹೋಗುವ ಗಾಳಿ ತುಸು ಬಿಸಿಯಾಗಿ ಅಸ್ತಮಾದವರಿಗೆ ಅನುಕೂಲ. ಚಳಿಗೆ ಹಾವು ಮಂಕಾಗುತ್ತದೆ ನಿಜ, ಆದರೆ ಎಳೆಬಿಸಿಲಿಗೆ ಬಂಡೆಯ ಮೇಲೆ ಮೈಕಾಯಿಸಲು ಬರುತ್ತದೆ. ಇಬ್ಬನಿ ಬಿದ್ದ ಬಂಡೆ ಜಾರುತ್ತದೆ, ಮೇಲೆ ಉದುರುಮರಳಿದ್ದರೆ ಇನ್ನೂ ಹೆಚ್ಚು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ, ಮೊಬೈಲ್ ಚಾರ್ಜ್ ಇರಲಿ. 112ಕ್ಕಾಗಲಿ 108ಕ್ಕಾಗಲಿ ಕರೆ ಮಾಡಿದಾಗ 'ಬೆಟ್ಟದ ಹತ್ತಿರ' ಎನ್ನುವುದಕ್ಕಿಂತ ಯಾವ ಬಾಗಿಲು, ಯಾವ ಗುಡಿ, ಯಾವ ತಿರುವು ಎಂದು ಹೇಳಿದರೆ ಬೇಗ ತಲುಪುತ್ತಾರೆ.