ಮರಕ್ಕೆ ಮರದ ಹೊದಿಕೆ

ಸಾಧಾರಣವಾದ ಮರದಿಂದ ಪೆಟ್ಟಿಗೆಯನ್ನೋ ಮೇಜನ್ನೋ ಮಾಡಿ, ಅದರ ಮೈಮೇಲೆ ಉತ್ತಮಜಾತಿಯ ಮರದ ತೆಳುಹಾಳೆಯನ್ನು ಸರೇಸಿನಿಂದ ಅಂಟಿಸುವ ಕಲೆಗೆ ಇಂಗ್ಲಿಷಿನಲ್ಲಿ 'ವಿನಿಯರ್' ಎಂಬ ಶಬ್ದವುಂಟು. ಬೀಟೆಯ ಮರದಲ್ಲಿ ಕುಳಿ ತೋಡಿ ದಂತವನ್ನು ಕೂರಿಸುತ್ತಿದ್ದ ಮೈಸೂರಿನ ಕುಸುರಿಕೆಲಸವು ಇದಕ್ಕಿಂತ ಭಿನ್ನ. ಅಲ್ಲಿ ಅಲಂಕಾರವು ಮರದೊಳಕ್ಕೆ ಇಳಿಯುತ್ತದೆ, ಇಲ್ಲಿ ಮರದ ಮೈಯನ್ನೇ ಮುಚ್ಚುತ್ತದೆ. ಆ ಇಂಗ್ಲಿಷ್ ಶಬ್ದಕ್ಕೆ 'ಒಳಗಿಲ್ಲದ ಗುಣವನ್ನು ಹೊರಗೆ ತೋರಿಸುವ ಸೋಗು' ಎಂಬ ಲಕ್ಷ್ಯಾರ್ಥವೂ ರೂಢವಾಗಿದೆ. ಈ ಅರ್ಥವು ಕಲೆಯ ಸ್ವಭಾವದಿಂದ ಹುಟ್ಟಿದುದೋ, ಕಾಲವಶದಿಂದ ಬಂದುದೋ ಎಂಬುದೇ ಪ್ರಕೃತ ವಿಚಾರ.

ಶಬ್ದದ ಮೂಲದಲ್ಲಿ ಕಪಟವೇನೂ ಇಲ್ಲ. 'ಒದಗಿಸು' ಎಂಬರ್ಥದ ಫ್ರೆಂಚ್ ಕ್ರಿಯಾಪದವು ಜರ್ಮನ್ ಭಾಷೆಯಲ್ಲಿ 'ಫುರ್ನೀರೆನ್' ಎಂದಾಗಿ, ಅಲ್ಲಿಂದ ಇಂಗ್ಲಿಷಿಗೆ ಬಂದಿತು.

ಕಲೆಯಾದರೋ ಶಬ್ದಕ್ಕಿಂತ ಬಹು ಪ್ರಾಚೀನವಾದುದು. ಈಜಿಪ್ಟಿನಲ್ಲಿ ಒಳ್ಳೆಯ ಮರವು ದುರ್ಲಭ. ಕರಿಮರವು ದಕ್ಷಿಣದ ನಾಡುಗಳಿಂದ ಬರಬೇಕಾಗಿದ್ದಿತು. ೧೯೨೨ರಲ್ಲಿ ಬೆಳಕಿಗೆ ಬಂದ ತುತಂಖಾಮನ್ ದೊರೆಯ ಸಮಾಧಿಯಲ್ಲಿ ಕರಿಮರ ಮತ್ತು ದಂತಗಳ ಹೊದಿಕೆಯುಳ್ಳ ಪೆಟ್ಟಿಗೆಯು ದೊರೆತಿದೆ. ರಾಜನೊಡನೆ ಹೂಳುವ ವಸ್ತುವಿನಲ್ಲಿ ಬಡವನ ಸೋಗಿಗೆ ಎಡೆಯೆಲ್ಲಿ?

ಕ್ರಿ. ಶ. ೭೯ರಲ್ಲಿ ಮೃತನಾದ ರೋಮಿನ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯ ೧೬ನೆಯ ಪುಸ್ತಕದಲ್ಲಿ ಈ ಕಲೆಯನ್ನು ಹಳಿದಿರುವುದು ನಿಜ. ಒಂದು ಮರವನ್ನೇ ಹಲವು ಬಾರಿ ಮಾರುವ ಉಪಾಯವಿದೆಂಬುದು ಅವನ ಮತ. ನೀರೋವಿನ ಕಾಲದಲ್ಲಿ ಆಮೆಯ ಚಿಪ್ಪಿಗೆ ಬಣ್ಣ ಬಳಿದು, ಮರದಂತೆ ತೋರಿಸಿ, ಹೆಚ್ಚಿನ ಬೆಲೆಗೆ ಮಾರುತ್ತಿದ್ದರೆಂದೂ ಹೇಳುತ್ತಾನೆ. ಇಲ್ಲಿ ಅನುಕರಣವುಂಟು, ಆದರೆ ಅದರಿಂದ ವಸ್ತುವು ಅಗ್ಗವಾಗಲಿಲ್ಲ, ಬೆಲೆಯೇರಿತು. ಆದುದರಿಂದ ಪ್ಲಿನಿಯು ದೂಷಿಸಿದುದು ಮುಖ್ಯವಾಗಿ ಭೋಗಾತಿಶಯವನ್ನು.

ಬಡಗಿಯ ಪಕ್ಷವನ್ನೂ ಕೇಳಬೇಕು. ಮರದ ಗಂಟುಗಳಲ್ಲಿಯೂ ಬೇರುಗಳಲ್ಲಿಯೂ ಚಿತ್ರವಿಚಿತ್ರವಾದ ರೇಖೆಗಳಿರುತ್ತವೆ. ಅಂತಹ ಭಾಗವನ್ನು ದಪ್ಪ ಹಲಗೆಯಾಗಿ ಕೊಯ್ದರೆ ಅದು ಸೊಟ್ಟಗಾಗುವುದುಂಟು, ಬಿರಿಯುವುದುಂಟು. ಹಾಳೆಯಾಗಿ ಕೊಯ್ದು ನೇರವಾದ ಮರಕ್ಕೆ ಅಂಟಿಸಿದರೆ ನಿಲ್ಲುತ್ತದೆ. ಹೀಗೆ ಈ ಹೊದಿಕೆಯು ಚೆಲುವನ್ನು ಉಳಿಸುವ ಉಪಾಯವೂ ಹೌದು.

೧೮೦೬ರಲ್ಲಿ ಮಾರ್ಕ್ ಇಸಂಬಾರ್ಡ್ ಬ್ರೂನೆಲನು ಹಾಳೆ ಕೊಯ್ಯುವ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಕೈಗರಗಸದಿಂದ ಒಂದೊಂದಾಗಿ ಸೀಳಬೇಕಾಗಿದ್ದ ಹಾಳೆಗಳು ಯಂತ್ರದಿಂದ ರಾಶಿಯಾಗಿ ಬರತೊಡಗಿದವು. ಸಿರಿವಂತರ ಮನೆಯ ಸೊಗಸು ಸಾಮಾನ್ಯರ ಕೈಗೂ ಎಟುಕಿತು. ೧೮೬೪–೬೫ರಲ್ಲಿ ಪ್ರಕಟವಾದ 'ಅವರ್ ಮ್ಯೂಚುಅಲ್ ಫ್ರೆಂಡ್' ಎಂಬ ಕಾದಂಬರಿಯಲ್ಲಿ ಡಿಕನ್ಸನು, ಮನೆಯ ಸಾಮಾನಿನಿಂದ ಸ್ನೇಹಿತರವರೆಗೆ ಎಲ್ಲವನ್ನೂ ಹೊಸದಾಗಿ ಕೂಡಿಸಿಕೊಂಡ ದಂಪತಿಗಳಿಗೆ 'ವಿನಿಯರಿಂಗ್' ಎಂದೇ ಹೆಸರಿಟ್ಟನು. ಲಕ್ಷ್ಯಾರ್ಥವು ಇಲ್ಲಿ ಅಂಕಿತನಾಮವಾಗಿ ನಿಂತಿದೆ.

ಒಬ್ಬನಿಗೆ ಈ ಕಲೆಯು ದುಂದಿನ ಗುರುತು. ಮತ್ತೊಬ್ಬನಿಗೆ ಟೊಳ್ಳಿನ ಗುರುತು. ಪರಸ್ಪರ ವಿರುದ್ಧವಾದ ಈ ಎರಡು ದೋಷಗಳೂ ಕಲೆಯ ಸ್ವಭಾವದಲ್ಲಿಯೇ ಇವೆಯೆಂಬುದು ಯುಕ್ತವಲ್ಲ. ಬದಲಾದುದು ಹಾಳೆಯ ಬೆಲೆ, ಅದನ್ನು ಕೊಳ್ಳುವವರ ವರ್ಗ. ಕಾವ್ಯಪಾಠದಲ್ಲಿ ಲಕ್ಷ್ಯಾರ್ಥವನ್ನು ವಿವರಿಸುವವರು ವಾಚ್ಯಾರ್ಥಕ್ಕೂ ನ್ಯಾಯ ದೊರಕಿಸುವುದು ಉಚಿತ. ಏಕೆಂದರೆ ಆ ವಾಚ್ಯಾರ್ಥದ ಹಿಂದೆ ಸಹಸ್ರಾರು ವರ್ಷಗಳ ಬಡಗಿಗಳ ಕೈಚಳಕವಿದೆ.