ಅವ್ವನ ಕೋಣೆಯ ಟ್ಯೂಬ್‌ಲೈಟು ಮತ್ತು ನಮ್ಮೂರ ಡ್ಯಾಮಿನ ಕರೆಂಟು

ನಮ್ಮ ಕಡೆ ಜೋಕು ಹೇಳಿದ ಐದು ನಿಮಿಷಕ್ಕೆ ಯಾರಾದರೂ ನಕ್ಕರೆ ಅವನಿಗೆ "ಟ್ಯೂಬ್‌ಲೈಟು" ಅಂತ ಹೆಸರು ಬೀಳುತ್ತೆ. ಶಾಲೆಯಲ್ಲಿ ನನಗೂ ಆ ಬಿರುದು ಇತ್ತು :-) ಮೊನ್ನೆ ಭಾನುವಾರ ನಿಜವಾದ ಟ್ಯೂಬ್‌ಲೈಟಿನ ಜೊತೆ ಅರ್ಧ ದಿನ ಕಳೆಯೋ ಯೋಗ ಬಂತು. ಹೊಸಪೇಟೆಯ ನಮ್ಮ ಹಳೇ ಮನೆಯಲ್ಲಿ ಅವ್ವನ ಕೋಣೆಯ ಟ್ಯೂಬು ಮಿಣುಕ್ ಮಿಣುಕ್ ಅನ್ನೋಕೆ ಶುರುಮಾಡಿತ್ತು. ಪೂರ್ತಿ ಹತ್ತೋದೂ ಇಲ್ಲ, ಪೂರ್ತಿ ಆರೋದೂ ಇಲ್ಲ.

"ಎರಡು ದಿನದಿಂದ ಹಿಂಗ ಕಣ್ಣು ಹೊಡಿಯಾಕತ್ತೈತಿ ನೋಡಪಾ. ನಿಮ್ಮಪ್ಪಾರು ಇದ್ದಿದ್ರ ಇಷ್ಟೊತ್ತಿಗೆ ರಿಪೇರಿ ಮಾಡಿರ್ತಿದ್ರು" ಅಂದಳು ಅವ್ವ. ಇಂಥ ಮಾತು ಕೇಳಿದ ಮೇಲೆ ಸುಮ್ಮನೆ ಕೂರೋದು ಹೇಗೆ? ಸ್ಟೂಲು, ಟೆಸ್ಟರು, ಕಟಿಂಗ್ ಪ್ಲೇಯರು ತಂದೆ. ಮೇನ್ ಸ್ವಿಚ್ ಆಫ್ ಮಾಡಿದೆ.

ಆ ಪಟ್ಟಿ ಅಪ್ಪ ತಾವೇ ಗೋಡೆಗೆ ಕೂರಿಸಿದ್ದು. ನಾಲ್ಕು ಅಡಿ ತಗಡಿನ ಪಟ್ಟಿ, ಒಳಗೆ ತಾಮ್ರದ ತಂತಿ ಸುತ್ತಿದ ಭಾರದ ಚೋಕು. ರಿಪೇರಿಗೆ ಅಪ್ಪನದು ಒಂದೇ ಸೂತ್ರ: ಅಗ್ಗದ ಸಾಮಾನಿನಿಂದ ಶುರುಮಾಡು, ದುಬಾರಿದನ್ನ ಕೊನೆಗೆ ಅನುಮಾನಿಸು. ಅದರ ಪ್ರಕಾರ ಮೊದಲ ಅಪರಾಧಿ ಸ್ಟಾರ್ಟರ್.

ಸ್ಟಾರ್ಟರ್ ಅಂದ್ರೆ ಹೆಬ್ಬೆರಳಿನಷ್ಟು ದಪ್ಪದ ಡಬ್ಬಿ. ಅದರೊಳಗೆ ಅನಿಲ ತುಂಬಿದ ಪುಟ್ಟ ಗಾಜಿನ ಬುರುಡೆ, ಅದರಲ್ಲಿ ಬಿಸಿಯಾದರೆ ಬಾಗುವ ಲೋಹದ ಪಟ್ಟಿ. ಸ್ವಿಚ್ ಹಾಕಿದಾಗ ಆ ಪಟ್ಟಿ ಬಾಗಿ ಇನ್ನೊಂದು ತುದಿಯನ್ನ ಮುಟ್ಟುತ್ತೆ. ಆಗ ಟ್ಯೂಬಿನ ಎರಡೂ ತುದಿಯ ತಂತಿಗಳು ಕಾಯುತ್ತವೆ. ಪಟ್ಟಿ ತಣ್ಣಗಾಗಿ ಬಿಟ್ಟುಕೊಂಡ ಕ್ಷಣ ಚೋಕು ನೂರಾರು ವೋಲ್ಟಿನ ಒಂದು ಒದೆ ಕೊಡುತ್ತೆ. ಒಳಗಿನ ಪಾದರಸದ ಆವಿಯಲ್ಲಿ ಕರೆಂಟು ಹರಿದು ಟ್ಯೂಬು ಹತ್ತುತ್ತೆ. ಆಮೇಲೆ ಕರೆಂಟು ಮಿತಿಮೀರದಂತೆ ಕಾಯೋದೂ ಚೋಕಿನ ಕೆಲಸವೇ. ಟ್ಯೂಬ್‌ಲೈಟು ತಡವಾಗಿ ಹತ್ತೋದು ಮಂಕುತನದಿಂದಲ್ಲ, ಒಳಗೆ ಇಷ್ಟೆಲ್ಲಾ ತಯಾರಿ ನಡೆಯೋದರಿಂದ. (ಶಾಲೆಯ ಗೆಳೆಯರೇ, ಗಮನಿಸಿ!)

ಪಾದರಸದ ಆವಿಯಿಂದ ಹೊಮ್ಮೋದು ಬಹುಪಾಲು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಅದನ್ನ ಬಿಳಿ ಬೆಳಕು ಮಾಡೋದು ಗಾಜಿನ ಒಳಮೈಗೆ ಬಳಿದ ಪುಡಿ. ಅಮೆರಿಕದಲ್ಲಿ 1938ರಲ್ಲಿ ಟ್ಯೂಬ್‌ಲೈಟು ಮಾರಾಟಕ್ಕೆ ಬಂತು. 1942ರಲ್ಲಿ ಇಂಗ್ಲೆಂಡಿನ ಮೆಕ್‌ಕೀಗ್ ಮತ್ತು ರ‍್ಯಾನ್ಬಿ ಅನ್ನೋ ಇಬ್ಬರು ಕಂಡುಹಿಡಿದ ಪುಡಿಯೇ ಮುಂದೆ ದಶಕಗಳ ಕಾಲ ನಮ್ಮ ಮನೆಗಳನ್ನ ಬೆಳಗಿತು. ಅದರಲ್ಲಿ ಚಿಟಿಕೆಯಷ್ಟು ಮ್ಯಾಂಗನೀಸ್ ಇರುತ್ತೆ. ಬರೀ ನೀಲಿಯಾಗಿ ಕಾಣಬೇಕಿದ್ದ ಬೆಳಕಿಗೆ ಕಿತ್ತಳೆ ಬೆರೆಸಿ ಬಿಳಿ ಮಾಡೋದು ಅದೇ. ಪಕ್ಕದ ಸಂಡೂರಿನ ಬೆಟ್ಟಗಳಿಂದ ಲಾರಿಗಟ್ಟಲೆ ಮ್ಯಾಂಗನೀಸ್ ಹೋಗೋದನ್ನ ನೋಡಿ ಬೆಳೆದ ನನಗೆ, ತಲೆ ಮೇಲಿನ ಟ್ಯೂಬಿನಲ್ಲೂ ಅದೇ ಲೋಹ ಇದೆ ಅಂತ ಗೊತ್ತಾದಾಗ ಖುಷಿಯಾಗಿತ್ತು.

ಇರಲಿ. ಹೊಸ ಸ್ಟಾರ್ಟರ್ ಹಾಕಿದೆ. ಮಿಣುಕ್ ಮಿಣುಕ್. ಅಡುಗೆಮನೆಯ ಟ್ಯೂಬು ಬಿಚ್ಚಿ ತಂದು ಹಾಕಿದೆ. ಮತ್ತೆ ಮಿಣುಕ್. ಮೂರನೆಯ ಅನುಮಾನ ವೋಲ್ಟೇಜಿನ ಮೇಲೆ.

ಇಲ್ಲಿ ಕಂಪ್ಲಿಯ ಚಿಕ್ಕವ್ವನ ಮನೆ ನೆನಪಾಗದೆ ಇರಲ್ಲ. ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ಸಂಜೆ ಟ್ಯೂಬ್‌ಲೈಟು ಹತ್ತುತ್ತಲೇ ಇರಲಿಲ್ಲ. ಭತ್ತದ ಸೀಮೆ, ಸುತ್ತಲೂ ಪಂಪ್‌ಸೆಟ್ಟು. ವೋಲ್ಟೇಜು ಬಿದ್ದರೆ ಬಲ್ಬು ಕೆಂಪಗಾದರೂ ಉರಿಯುತ್ತೆ, ಆದರೆ ಸ್ಟಾರ್ಟರಿಗೆ ಚೋಕನ್ನ ಎಬ್ಬಿಸೋ ಶಕ್ತಿ ಇರಲ್ಲ. ಚಿಕ್ಕಪ್ಪ ಸ್ಟಾರ್ಟರ್ ಕಿತ್ತು ಎರಡು ವೈರು ತಾಗಿಸಿ "ಚಟ್" ಅನ್ನಿಸಿ ಹತ್ತಿಸ್ತಿದ್ದ. (ದಯವಿಟ್ಟು ಯಾರೂ ಮಾಡಬೇಡಿ, ಜೀವಕ್ಕೆ ಅಪಾಯ.) "ಡ್ಯಾಮು ಇಷ್ಟು ಹತ್ರ ಐತಲ್ಲ, ಕರೆಂಟು ಯಾಕ ಬರಲ್ಲ?" ಅಂತ ಕೇಳಿದ್ದೆ. ಚಿಕ್ಕಪ್ಪ ನಕ್ಕು ಸುಮ್ಮನಾಗಿದ್ದ.

ಆ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟೋ ಯೋಚನೆಯನ್ನ 1860ರಲ್ಲೇ ಸರ್ ಆರ್ಥರ್ ಕಾಟನ್ ಮುಂದಿಟ್ಟಿದ್ದ. 1876-78ರ ಬರದಲ್ಲಿ ಬಳ್ಳಾರಿ ಸೀಮೆ ಸೊರಗಿಹೋಯಿತು. ಆದರೂ ನದಿಯ ಆಚೆ ದಂಡೆ ನಿಜಾಮರದು, ಈಚೆ ದಂಡೆ ಮದ್ರಾಸಿನದು ಆಗಿದ್ದರಿಂದ ಮಾತುಕತೆಯಲ್ಲೇ ದಶಕಗಳು ಕಳೆದವು. ಕೊನೆಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿತ್ತು. 1953ರ ಜುಲೈ 1ರಂದು ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಅಂದ್ರೆ ಡ್ಯಾಮಿನ ಆಸೆ ಹುಟ್ಟಿದ್ದು ನೀರಿಗೆ, ಬರಕ್ಕೆ. ಕರೆಂಟು ಅದರ ಹಿಂದೆ ಬಂದದ್ದು. ಬಲದಂಡೆಯಲ್ಲಿ ಡ್ಯಾಮಿನ ಬುಡದಲ್ಲಿ ಒಂದು ಪವರ್ ಹೌಸು, ಹಂಪಿಯ ಹತ್ತಿರ ಇನ್ನೊಂದು. ಮೊದಲ ಕಡೆ ಚಕ್ರ ತಿರುಗಿಸಿದ ನೀರೇ ಪವರ್ ಕಾಲುವೆಯಲ್ಲಿ ಹರಿದು ಹಂಪಿಯಲ್ಲಿ ಮತ್ತೊಮ್ಮೆ ಚಕ್ರ ತಿರುಗಿಸಿ, ಆಮೇಲೆ ಹೊಲಗಳ ಕಡೆ ಹೋಗುತ್ತೆ. ಹಂಪಿಗೆ ಬಂದವರೆಲ್ಲಾ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ತಲೆಕೆಳಗಾದ ನೆರಳು ನೋಡಿ ಬೆರಗಾಗ್ತಾರೆ. ಒಂದೇ ನೀರು ಎರಡು ಸಲ ಬೆಳಕು ಕೊಡೋದು ಎಷ್ಟು ಜನಕ್ಕೆ ಗೊತ್ತು?

1957ರಿಂದ 1964ರ ಒಳಗೆ ಈ ಎರಡೂ ಕಡೆ ತಲಾ 9 ಮೆಗಾವ್ಯಾಟಿನ ನಾಲ್ಕು ನಾಲ್ಕು ಯಂತ್ರ ಕೂತವು. ಒಟ್ಟು 72 ಮೆಗಾವ್ಯಾಟ್. ಚೋಕಿನ ಖರ್ಚೂ ಸೇರಿ ಒಂದು ಹಳೇ ಟ್ಯೂಬಿಗೆ 50 ವ್ಯಾಟ್ ಅಂದುಕೊಂಡರೆ, ಎಲ್ಲಾ ಯಂತ್ರ ಪೂರ್ತಿ ಓಡಿದಾಗ ಹದಿನಾಲ್ಕು ಲಕ್ಷ ಟ್ಯೂಬ್‌ಲೈಟು! ಆದರೆ ಆ ಕರೆಂಟಿನಲ್ಲಿ 80 ಪಾಲು ಆಂಧ್ರಕ್ಕೆ, 20 ಪಾಲು ನಮಗೆ ಅಂತ ಹಂಚಿಕೆ. ಮದ್ರಾಸಿನ ಕಡೆಯ ಯೋಜನೆ ರಾಜ್ಯ ಒಡೆದಾಗ ಹಾಗೆ ಪಾಲಾಯಿತು. ಎಡದಂಡೆಯ ಮುನಿರಾಬಾದಿನ ಪವರ್ ಹೌಸು ಮಾತ್ರ ಪೂರ್ತಿ ನಮ್ಮದು.

ಹಾಗಂತ ಚಿಕ್ಕಪ್ಪನ ಮನೆ ಕತ್ತಲಿಗೆ ಆಂಧ್ರವನ್ನ ಬೈಯೋದು ತಪ್ಪು. ವೋಲ್ಟೇಜು ಬೀಳ್ತಿದ್ದದ್ದು ಉದ್ದನೆಯ ಲೈನಿನ ಕೊನೆಯಲ್ಲಿದ್ದ ಮನೆಗೆ, ಒಂದೇ ಟ್ರಾನ್ಸ್‌ಫಾರ್ಮರಿಗೆ ಹತ್ತಾರು ಪಂಪು ಜೋತುಬಿದ್ದಾಗ. ಪವರ್ ಹೌಸು ಪಕ್ಕದಲ್ಲೇ ಇದ್ದರೂ ನಡುವಿನ ತಂತಿ ಬಡಕಲಾಗಿದ್ದರೆ ಬೆಳಕು ಬರಲ್ಲ. ಕಾಲುವೆಯ ಕೊನೇ ಹೊಲದ ರೈತನ ಕಥೆಯೂ ಇದೇ ಅಲ್ವಾ?

ನಾನು ಇದನ್ನೆಲ್ಲಾ ಸ್ಟೂಲ್ ಮೇಲಿಂದ ಭಾಷಣ ಮಾಡ್ತಿದ್ದರೆ ಅವ್ವ ಕೆಳಗೆ ಟ್ಯೂಬು ಹಿಡಿದು ನಿಂತಿದ್ದಳು. ನಿಧಾನಕ್ಕೆ ಅಂದಳು: "ಆ ಡ್ಯಾಮಿನ ಕೆಳಗ ನಮ್ಮ ಮನಿ ಐತಪಾ."

ಅವ್ವ ಹುಟ್ಟಿದ್ದು ಹಳೇ ನಾರಾಯಣದೇವರಕೆರೆಯಲ್ಲಿ. ಡ್ಯಾಮು ತುಂಬಿದಾಗ ಸುಮಾರು 90 ಊರುಗಳು ಮುಳುಗಿದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೋಗಬೇಕಾಯಿತು. ಅವರ ಊರೂ ಅದರಲ್ಲೊಂದು. ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅವ್ವನಿಗೆ ಆಗ ಆರು ವರ್ಷ. ಎತ್ತಿನ ಗಾಡಿಯಲ್ಲಿ ಬಾಗಿಲು, ತೊಲೆ, ಬೀಸುಕಲ್ಲು ಹೇರಿಕೊಂಡು ಬಂದದ್ದು ನೆನಪಿದೆ. ಸೀಮೆಎಣ್ಣೆ ಬುಡ್ಡಿ ಅಜ್ಜಿಯ ತೊಡೆ ಮೇಲಿತ್ತಂತೆ, ಒಡೆದೀತು ಅಂತ.

"ಮನಿ ಮುಳುಗಿದ್ದು ಆಗ. ಹೊಸಾ ಮನಿಗೆ ಕರೆಂಟು ಬರೂದರಾಗ ನನ್ನ ಮದಿವಿ ಆಗಿತ್ತು. ನಮ್ಮವ್ವ ಆ ಬುಡ್ಡಿ ಇನ್ನೂ ಇಟ್ಟಿದ್ಲು."

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮೆಗಾವ್ಯಾಟಿನ ಲೆಕ್ಕ ಹಾಕಿದವನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಐವತ್ತು ದಾಟಿದರೂ ನಾನು ಅವ್ವನನ್ನ ಇದನ್ನ ಕೇಳಿರಲೇ ಇಲ್ಲ. ಟ್ಯೂಬ್‌ಲೈಟು ಅಂತ ಸುಮ್ಮನೆ ಕರೆದಿರಲಿಲ್ಲ ನನ್ನನ್ನ.

ಅಂದಹಾಗೆ ವೋಲ್ಟೇಜು ಸರಿ ಇತ್ತು, 228. ಚೋಕೂ ಗಟ್ಟಿಮುಟ್ಟಾಗಿತ್ತು. ಟ್ಯೂಬು ತಿರುಗಿಸುವಾಗ ಒಂದು ತುದಿಯಲ್ಲಿ ಸಡಿಲ ಅನ್ನಿಸಿ ಹೋಲ್ಡರ್ ಬಿಚ್ಚಿ ನೋಡಿದರೆ, ಒಳಗಿನ ಹಿತ್ತಾಳೆ ಪತ್ತಿ ಸುಟ್ಟು ಕಪ್ಪಾಗಿ, ಬಿಗಿ ಕಳಕೊಂಡು ಟ್ಯೂಬಿನ ಪಿನ್ನನ್ನ ಅರ್ಧ ಮುಟ್ಟಿ ಅರ್ಧ ಬಿಡ್ತಿತ್ತು. ಇಡೀ ಪಟ್ಟಿಯಲ್ಲಿ ಯಾರೂ ಲೆಕ್ಕಕ್ಕಿಡದ ತುಣುಕು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದೂ ಚೈನು ತುಂಡಾಗಿ ಅಲ್ವಾ? 33 ಗೇಟಿನ ಡ್ಯಾಮಿಗೂ ನಾಲ್ಕಡಿ ಪಟ್ಟಿಗೂ ಆ ವಿಷಯದಲ್ಲಿ ಒಂದೇ ನ್ಯಾಯ.

ಹೋಲ್ಡರ್ ತರೋಕೆ ಹೋದರೆ ಅಂಗಡಿಯವರು "ಅಣ್ಣ, ಈಗ ಯಾರು ಇದನ್ನ ಹಾಕ್ತಾರೆ? ಎಲ್‌ಇಡಿ ಹಾಕಿಬಿಡಿ, 20 ವ್ಯಾಟಿಗೆ ಅಷ್ಟೇ ಬೆಳಕು" ಅಂದರು. ಮಾತು ನಿಜ. ಪಾದರಸದ ಕಾರಣಕ್ಕೆ 2027ರ ಕೊನೆಯೊಳಗೆ ಈ ಟ್ಯೂಬುಗಳ ತಯಾರಿಕೆ ಮತ್ತು ಆಮದು-ರಫ್ತು ನಿಲ್ಲಿಸಬೇಕು ಅಂತ ಮಿನಮಾತ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಹಳೇ ಟ್ಯೂಬು ಕೆಟ್ಟರೆ ಒಡೆದು ತಿಪ್ಪೆಗೆ ಎಸೆಯಬೇಡಿ, ಪಾದರಸ ಮಣ್ಣಿಗೆ ಸೇರುತ್ತೆ. ಅಡುಗೆಮನೆಗೆ ಎಲ್‌ಇಡಿ ತಂದೆ. ಅವ್ವನ ಕೋಣೆಗೆ ಮಾತ್ರ ಹೋಲ್ಡರ್ ತಂದೆ. ಆ ಟ್ಯೂಬು ಇರೋವರೆಗೂ ಅಪ್ಪನ ಪಟ್ಟಿ ಗೋಡೆ ಮೇಲೇ ಇರಲಿ.

ಸಂಜೆ ಸ್ವಿಚ್ ಹಾಕಿದೆ. ಒಂದು ಸಲ ಮಿಣುಕ್, ಇನ್ನೊಂದು ಸಲ ಮಿಣುಕ್, ಆಮೇಲೆ ಕೋಣೆ ತುಂಬ ಬೆಳಕು. ಅವ್ವ ಅಭ್ಯಾಸದಂತೆ ದೀಪಕ್ಕೆ ಕೈಮುಗಿದಳು.

"ತಡಾ ಆದ್ರೂ ಹತ್ತಿತಲ್ಲಪಾ" ಅಂದಳು.

ಟ್ಯೂಬಿಗೆ ಅಂದಳೋ ನನಗೆ ಅಂದಳೋ, ಕೇಳಲಿಲ್ಲ. ನಿಮ್ಮ ಮನೆಗೆ ಮೊದಲ ಸಲ ಕರೆಂಟು ಬಂದದ್ದು ಯಾವಾಗ? ಗೊತ್ತಿಲ್ಲ ಅಂದ್ರೆ ಇವತ್ತೇ ಮನೆಯ ಹಿರಿಯರನ್ನ ಕೇಳಿ. ನನ್ನ ಥರ ಐವತ್ತು ವರ್ಷ ಕಾಯಬೇಡಿ.